ಕೊಂಗುನಾಡಿನ ಮನೆಗನ್ನಡ ಮತ್ತು ಬ್ಲಾಗ್ ಬರವಣಿಗೆ: ವಿದ್ಯಾರ್ಥಿಗಳಿಗೊಂದು ಪಾಠ

'ಬ್ಲಾಗ್' ಎಂಬ ಪದದ ಮೂಲ ಹಡಗಿನಲ್ಲಿದೆ. ಹಿಂದಿನ ಯುರೋಪಿನ ನಾವಿಕರು ಹಡಗಿನ ವೇಗವನ್ನು ಅಳೆಯಲು ಗಂಟುಗಳುಳ್ಳ ಹಗ್ಗದ ತುದಿಗೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ಆ ತುಂಡಿಗೆ 'ಲಾಗ್' ಎಂದು ಹೆಸರು. ಅಳತೆಯನ್ನು ದಿನದಿನವೂ ಬರೆದಿಡುವ ಪುಸ್ತಕ 'ಲಾಗ್ ಬುಕ್' ಆಯಿತು. 1997ರಲ್ಲಿ ಜಾರ್ನ್ ಬಾರ್ಜರ್ ಎಂಬಾತ ಅಂತರ್ಜಾಲದಲ್ಲಿ ತಾನು ಓದಿದ್ದನ್ನು ದಾಖಲಿಸುವ ತನ್ನ ಪುಟಕ್ಕೆ 'ವೆಬ್‌ಲಾಗ್' ಎಂಬ ಹೆಸರನ್ನು ಬಳಸಿದ. 1999ರಲ್ಲಿ ಪೀಟರ್ ಮೆರ್ಹೋಲ್ಜ್ ವಿನೋದಕ್ಕೆಂದು ಆ ಪದವನ್ನು 'ವೀ ಬ್ಲಾಗ್' ಎಂದು ಒಡೆದು ಓದಿದ. ಮುಂದೆ 'ಬ್ಲಾಗ್' ಮಾತ್ರ ಉಳಿಯಿತು.

ನಮ್ಮ ಸುತ್ತಲಿನ ತಮಿಳರು ಇದನ್ನು 'ವಲೈಪ್ಪೂ' ಎನ್ನುತ್ತಾರೆ. ವಲೈ ಎಂದರೆ ನಮ್ಮ ಬಲೆ, ಪೂ ಎಂದರೆ ನಮ್ಮ ಹೂ. ತಮಿಳಿನ ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದನ್ನೂ ಪಕಾರ ಹಕಾರವಾಗುವುದನ್ನೂ ಭಾಷಾಶಾಸ್ತ್ರದ ತರಗತಿಯಲ್ಲಿ ನೀವು ಓದಿದ್ದೀರಿ. ಆ ಎರಡು ನಿಯಮಗಳಿಗೆ ಒಂದೇ ಪದದಲ್ಲಿ ಉದಾಹರಣೆ ಸಿಕ್ಕಿತು. ಮರಾಠಿಯಲ್ಲಿ 'ಅನುದಿನಿ' ಎಂಬ ಪದವುಂಟು. ದಿನದಿನವೂ ಬರೆಯುವುದು ಎಂಬರ್ಥ. ಕನ್ನಡಿಗರು ಆಂಗ್ಲ ಪದವನ್ನೇ ಇಟ್ಟುಕೊಂಡು, ಬರೆಯುವವನನ್ನು 'ಬ್ಲಾಗಿಗ' ಎಂದು ಕರೆದೆವು. ಗಡಿಸೀಮೆಯಲ್ಲಿ ಮರಾಠಿ ಕನ್ನಡಗಳೆರಡರಲ್ಲೂ ಶಾಲೆ ಕಲಿತ ನನಗೆ 'ಅನುದಿನಿ'ಯೇ ಹೆಚ್ಚು ಹಿಡಿಸುತ್ತದೆ. ಬರೆಯುವವನ ಕರ್ತವ್ಯ ಅದರ ಹೆಸರಿನಲ್ಲಿಯೇ ಇದೆ.

ಈ ಪಾಠಕ್ಕೆ ಕಾರಣವಾದದ್ದು ತರಗತಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ: ಕೊಯಮತ್ತೂರಿನಲ್ಲಿ ಕುಳಿತು ಕನ್ನಡದಲ್ಲಿ ಬರೆದರೆ ಓದುವವರಾರು? ಪ್ರಶ್ನೆ ನ್ಯಾಯವಾದದ್ದೇ. ಕೊಂಗುನಾಡಿನ ಈ ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಯಮತ್ತೂರು ಜಿಲ್ಲೆಯಲ್ಲಿಯೂ, 2009ರಲ್ಲಿ ಪ್ರತ್ಯೇಕಗೊಂಡ ತಿರುಪ್ಪೂರು ಜಿಲ್ಲೆಯಲ್ಲಿಯೂ ಕನ್ನಡ ಮನೆಮಾತಿನ ದೇವಾಂಗ ನೇಕಾರರೂ ಒಕ್ಕಲಿಗರೂ ಇತರರೂ ತಲೆಮಾರುಗಳಿಂದ ನೆಲೆಸಿದ್ದಾರೆ. ಆದರೆ ಇವರಲ್ಲಿ ಬಹುಮಂದಿಯ ಓದುಬರಹ ತಮಿಳಿನಲ್ಲಿ. ಒಲೆಯ ಮುಂದೆ ಕನ್ನಡ, ಅಂಗಡಿಯ ಫಲಕದಲ್ಲಿ ತಮಿಳು, ಕಛೇರಿಯಲ್ಲಿ ಆಂಗ್ಲ. ನಮ್ಮ ತರಗತಿಯಲ್ಲಿಯೇ ಈರೋಡು ಜಿಲ್ಲೆಯ ತಾಳವಾಡಿಯಿಂದ ಬಂದು ಕನ್ನಡವನ್ನು ಸಲೀಸಾಗಿ ಬರೆಯುವವರೂ ಇದ್ದಾರೆ. ಮನೆಯಲ್ಲಿ ಅಜ್ಜಿಯೊಡನೆ ಕನ್ನಡ ಮಾತಾಡುತ್ತ ಒತ್ತಕ್ಷರ ಕಂಡೊಡನೆ ತಡವರಿಸುವ ಕೋವೈ ಮಕ್ಕಳೂ ಇದ್ದಾರೆ. ಮುಂದಿನ ತಲೆಮಾರಿನಲ್ಲಿ ಅಜ್ಜಿಯ ಸ್ಥಾನದಲ್ಲಿ ಕೂರುವವರು ಯಾವ ಭಾಷೆಯನ್ನಾಡುವರು ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು.

ಹಾಗಾದರೆ ಬರೆಯಬೇಕಾದದ್ದೇನು? ಹೊಸದಾಗಿ ಬ್ಲಾಗ್ ತೆರೆಯುವ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲು ಬರೆಯುವುದು ಮಳೆಯ ಬಗೆಗಿನ ಕವಿತೆಯನ್ನು, ಬಳಿಕ ತಾಯಿಯ ಬಗೆಗಿನ ಕವಿತೆಯನ್ನು. ಬರೆಯಲಿ, ತಪ್ಪೇನಿಲ್ಲ. ಆದರೆ 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಸುಮಾರು 4.37 ಕೋಟಿ ಮಂದಿ. ಅವರಲ್ಲಿ ಮಳೆಯ ಬಗ್ಗೆ ಬರೆಯಬಲ್ಲವರು ಸಾವಿರಾರು. ಶಿವಮೊಗ್ಗದ ಓದುಗನೊಬ್ಬ ಅಲ್ಲಿಯ ಮಳೆಯನ್ನು ಬಿಟ್ಟು ಕೊಯಮತ್ತೂರಿನ ಮಳೆಗವಿತೆಯನ್ನು ಹುಡುಕಿಕೊಂಡು ಬರಲಾರ. ನಿಮ್ಮಲ್ಲಿದ್ದು ಅವನಲ್ಲಿಲ್ಲದ ಸಂಗತಿಯಿದ್ದರೆ ಮಾತ್ರ ಅವನು ಬರುತ್ತಾನೆ, ಮರಳಿಯೂ ಬರುತ್ತಾನೆ. ನಿಮ್ಮಲ್ಲಿ ಅಂಥದ್ದು ಇದೆ: ಕರ್ನಾಟಕದ ಪಠ್ಯಪುಸ್ತಕಗಳ ಹಿಡಿತಕ್ಕೆ ಸಿಗದೆ, ತಮಿಳಿನ ಮಗ್ಗುಲಲ್ಲಿ ಬೆಳೆದ ಒಂದು ಮನೆಗನ್ನಡ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ನೆಗಮಂನ ಹತ್ತಿಸೀರೆಯೂ ಸಿರುಮುಗೈಯ ರೇಷ್ಮೆಸೀರೆಯೂ ಹೆಸರಾದವು. ಅವುಗಳ ಬೆಲೆ, ಬಣ್ಣ, ಅಂಗಡಿಗಳನ್ನು ಕುರಿತು ತಮಿಳಿನಲ್ಲಿಯೂ ಆಂಗ್ಲದಲ್ಲಿಯೂ ಬೇಕಾದಷ್ಟು ಬರಹಗಳಿವೆ. ಆದರೆ ಮಗ್ಗದ ಮುಂದೆ ಕುಳಿತ ಕನ್ನಡ ಮನೆಮಾತಿನ ನೇಕಾರ ತನ್ನ ಉಪಕರಣಗಳನ್ನು ಯಾವ ಹೆಸರಿನಿಂದ ಕರೆಯುತ್ತಾನೆ? ನಾವು ಗ್ರಂಥಸ್ಥ ಕನ್ನಡದಲ್ಲಿ ಮಗ್ಗ, ಹಾಸು, ಹೊಕ್ಕು, ಲಾಳಿ ಎನ್ನುತ್ತೇವೆ. ತಮಿಳಿನಲ್ಲಿ ಅವು ಕ್ರಮವಾಗಿ ತರಿ, ಪಾವು, ಊಡೈ, ನಾಡಾ. ಮರಾಠಿಯಲ್ಲಿ ಮಗ್ಗಕ್ಕೆ 'ಮಾಗ', ಹಾಸುಹೊಕ್ಕಿಗೆ 'ತಾಣಾಬಾಣಾ', ಲಾಳಿಗೆ 'ಧೋಟಾ'. ಮಗ್ಗ ಮಾಗಗಳ ನಂಟನ್ನು ಕಿವಿಯೇ ಹೇಳುತ್ತದೆ. ಈಗ ನಿಮ್ಮ ಮನೆಯ ಹಿರಿಯರನ್ನು ಕೇಳಿ: ಅವರು ಲಾಳಿ ಎನ್ನುವರೋ ನಾಡಾ ಎನ್ನುವರೋ? ಹಾಸು ಎನ್ನುವರೋ ಪಾವು ಎನ್ನುವರೋ? ಕೆಲವು ಪದ ಕನ್ನಡದಲ್ಲಿಯೂ ಕೆಲವು ತಮಿಳಿನಲ್ಲಿಯೂ ಇದ್ದರೆ, ಯಾವ ಬಗೆಯ ಪದ ಮೊದಲು ಬದಲಾಗಿದೆ? ಅಂಗಡಿಯಿಂದ ಕೊಂಡು ತರುವ ವಸ್ತುವಿನ ಹೆಸರೋ, ಮನೆಯಲ್ಲಿಯೇ ಮಾಡಿಕೊಳ್ಳುವ ವಸ್ತುವಿನ ಹೆಸರೋ? ನಾವು 'ಹಾಸುಹೊಕ್ಕಾಗಿದೆ' ಎಂದು ವಿಮರ್ಶೆಯ ಲೇಖನಗಳಲ್ಲಿ ಧಾರಾಳವಾಗಿ ಬಳಸುವ ನುಡಿಗಟ್ಟು ಆ ಮನೆಯಲ್ಲಿ ಕೈಯಿಂದ ಮುಟ್ಟಿ ನೋಡಬಹುದಾದ ನೂಲು. ಇಂಥ ಹತ್ತು ಪದಗಳನ್ನು, ಹೇಳಿದವರ ಊರು ಮತ್ತು ವಯಸ್ಸಿನೊಡನೆ, ಒಂದು ಪುಟದಲ್ಲಿ ಬರೆದರೆ ಅದು ಧಾರವಾಡದ ಸಂಶೋಧಕನಿಗೂ ಬೇಕು, ಮೈಸೂರಿನ ನಿಘಂಟುಕಾರನಿಗೂ ಬೇಕು, ಮುಂಬಯಿಯಲ್ಲಿ ನೆಲೆಸಿದ ನಿಮ್ಮ ಸೋದರಮಾವನಿಗೂ ಬೇಕು.

ವಿಜಯದಶಮಿಯ ದಿನ ಕೊಯಮತ್ತೂರಿನಲ್ಲಿ ದೇವಾಂಗರು ಚೌಡೇಶ್ವರಿಗೆ ಸಲ್ಲಿಸುವ ಕತ್ತಿಯ ಸೇವೆಯ ವಿಷಯವೂ ಹೀಗೆಯೇ. ಮೆರವಣಿಗೆಯ ಚಿತ್ರಗಳು ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತವೆ, ವಿಡಿಯೋಗಳಿಗೆ ಲೆಕ್ಕವಿಲ್ಲ. ಇನ್ನೊಂದು ವಿಡಿಯೋ ಸೇರಿಸುವುದರಿಂದ ಪ್ರಯೋಜನವಿಲ್ಲ. ಹಬ್ಬದ ಹಿಂದಿನ ರಾತ್ರಿ ಮನೆಯ ಹೆಂಗಸರು ಅಡುಗೆಮನೆಯಲ್ಲಿ ಆಡುವ ಮಾತು, ಮಕ್ಕಳಿಗೆ ಹೇಳುವ ದೇವಿಯ ಕಥೆ ಯಾವ ಚಿತ್ರದಲ್ಲಿಯೂ ಇಲ್ಲ.

ವಿಷಯ ದೊರೆತ ಮೇಲೆ ಶೀರ್ಷಿಕೆಯ ಮಾತು. ಮುದ್ರಿತ ಪತ್ರಿಕೆಯಲ್ಲಿ 'ನೆನಪಿನ ಅಂಗಳದಲ್ಲಿ' ಎಂಬ ಶೀರ್ಷಿಕೆ ಚೆಲುವಾಗಿಯೇ ಕಾಣುತ್ತದೆ, ಏಕೆಂದರೆ ಪತ್ರಿಕೆ ಆಗಲೇ ಓದುಗನ ಕೈಯಲ್ಲಿರುತ್ತದೆ. ಅಂತರ್ಜಾಲದಲ್ಲಿ ಓದುಗನು ಗೂಗಲ್ಲಿನಲ್ಲಿ ಏನನ್ನೋ ಹುಡುಕುತ್ತ ಬರುತ್ತಾನೆ. 'ನೆನಪಿನ ಅಂಗಳ'ವನ್ನು ಯಾರೂ ಹುಡುಕುವುದಿಲ್ಲ. 'ನೆಗಮಂ ನೇಕಾರರ ಮನೆಯ ಕನ್ನಡ ಪದಗಳು' ಎಂಬ ಶೀರ್ಷಿಕೆ ಕಾವ್ಯವಲ್ಲ, ಆದರೆ ದಾರಿ ತೋರುತ್ತದೆ. ಊರಿನ ಹೆಸರು, ವಸ್ತುವಿನ ಹೆಸರು ಇವೆರಡು ಶೀರ್ಷಿಕೆಯಲ್ಲಿರಲಿ. ನಮ್ಮ ಊರನ್ನು ಕನ್ನಡಿಗರು ಕೊಯಮತ್ತೂರು, ಕೊಯಂಬತ್ತೂರು, ಕೊಯಮುತ್ತೂರು ಎಂದು ಬಗೆಬಗೆಯಾಗಿ ಬರೆಯುತ್ತಾರೆ; ತಮಿಳರು ಕೋವೈ ಎನ್ನುತ್ತಾರೆ. ಒಂದನ್ನು ಶೀರ್ಷಿಕೆಯಲ್ಲಿಟ್ಟು ಉಳಿದವನ್ನು ಬರಹದೊಳಗೆ ಒಮ್ಮೆಯಾದರೂ ಸಹಜವಾಗಿ ತನ್ನಿ. ಕಾವ್ಯಾತ್ಮಕ ಶೀರ್ಷಿಕೆಯ ಮೋಹ ಬಿಡದಿದ್ದರೆ ಅದನ್ನು ಒಳಗಿನ ಉಪಶೀರ್ಷಿಕೆ ಮಾಡಿಕೊಳ್ಳಿ.

ಪುಟದ ವಿಳಾಸವನ್ನು ಮಾತ್ರ ರೋಮನ್ ಅಕ್ಷರಗಳಲ್ಲಿ ನೀವೇ ಬರೆಯಿರಿ. ಕನ್ನಡ ಲಿಪಿಯ ವಿಳಾಸವನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದರೆ ಅನೇಕ ವೇಳೆ ಅದು ಶೇಕಡಾ ಚಿಹ್ನೆಗಳ ಸಾಲಾಗಿಬಿಡುತ್ತದೆ. ಯೂನಿಕೋಡಿನ ರೂಢಿಯ ಸಂಕೇತಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟುಗಳು. ವಿಳಾಸದಲ್ಲಿ ಅದು 9 ಚಿಹ್ನೆಗಳಾಗಿ ಹಿಗ್ಗುತ್ತದೆ. 'ಕನ್ನಡ' ಎಂಬ ಪದದಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತಗಳಿವೆ. ಎಂದರೆ 45 ಚಿಹ್ನೆಗಳ ಕಗ್ಗ. ಅಂಥ ಕೊಂಡಿಯನ್ನು ನೋಡಿದವರು ಏನೋ ವಂಚನೆಯೆಂದು ಹೆದರಿ ಒತ್ತುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಅಕ್ಷರದ ಸಂಕೇತ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಾಗ, ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ, ಕನ್ನಡಿಗರಿಗೆ ಗಣಕದಲ್ಲಿ ಬರೆಯುವ ಹಾದಿ ತೆರೆಯಿತು. ಆ ಋಣವನ್ನು ಮರೆಯಬಾರದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಫಾಂಟನ್ನು ತೆಗೆದರೆ ಕನ್ನಡವೇ ಮಾಯ. ನಮ್ಮ ವಾರ್ತಾಪತ್ರದಂಥ ಪತ್ರಿಕೆಗಳ ಪುಟವಿನ್ಯಾಸ ಇಂದಿಗೂ ಹಲವೆಡೆ ಆ ಫಾಂಟುಗಳಲ್ಲಿಯೇ ನಡೆಯುತ್ತದೆ. ಅಚ್ಚಿಗೆ ಹೋದ ಕಡತವನ್ನು ಹಾಗೆಯೇ ಬ್ಲಾಗಿಗೆ ಅಂಟಿಸಿದರೆ ಓದಲಾಗದ ಚಿಹ್ನೆಗಳು ಮೂಡುತ್ತವೆ. ಆದ್ದರಿಂದ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಬಳಿಕ ಅರ್ಕಾವೊತ್ತನ್ನೂ ಅಂಕಿಗಳನ್ನೂ ಕಣ್ಣಿಟ್ಟು ತಿದ್ದಿ. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ. ಇನ್ನು ಕೆಲವರು ಶ್ರಮ ಬೇಡವೆಂದು ಇಡೀ ಲೇಖನವನ್ನು ಚಿತ್ರವಾಗಿ ಹಾಕುತ್ತಾರೆ. ಚಿತ್ರವನ್ನು ಹುಡುಕುವವರು ಕಾಣಲಾರರು. ತೆರೆಯನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಓದುವ ದೃಷ್ಟಿಹೀನ ಮಿತ್ರರಿಗೆ ಅದು ಖಾಲಿ ಪುಟ.

ಈಗ ನಮ್ಮ ಸೀಮೆಯದೇ ಆದ ತೊಡಕಿಗೆ ಬರೋಣ. ಕನ್ನಡ ಬಲ್ಲ, ಆದರೆ ಕನ್ನಡ ಲಿಪಿ ಬಾರದ ನಿಮ್ಮ ಅತ್ತೆ, ದೊಡ್ಡಪ್ಪ, ನೆರೆಮನೆಯವರು ಈ ಬರಹವನ್ನು ಓದುವುದು ಹೇಗೆ? ಯಾವ ಊರಿನ ಮಾತನ್ನು ನೀವು ದಾಖಲಿಸುತ್ತಿದ್ದೀರೋ ಆ ಊರಿನವರೇ ಓದಲಾರದ ಬರಹ ಅರ್ಧ ಬರಹ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಎರಡು ದಾರಿಗಳಿವೆ, ಎರಡನ್ನೂ ಬಳಸಬೇಕು.

ಮೊದಲನೆಯದು ಧ್ವನಿ. ಪ್ರತಿ ಬರಹದೊಡನೆ ಎರಡು ಮೂರು ನಿಮಿಷಗಳ ಓದನ್ನು ಫೋನಿನಲ್ಲಿಯೇ ಮುದ್ರಿಸಿ ಸೇರಿಸಿ. ಗದ್ದಲವಿಲ್ಲದ ಕೋಣೆ ಸಾಕು. ಮಗ್ಗದ ಸದ್ದು ಹಿನ್ನೆಲೆಯಲ್ಲಿದ್ದರೆ ಇರಲಿ. ಎರಡನೆಯದು ತಮಿಳು ಲಿಪಿ. ವಿನೋದ್ ರಾಜನ್ ಅವರು ರೂಪಿಸಿದ 'ಅಕ್ಷರಮುಖ' ಎಂಬ ಲಿಪಿ ಪರಿವರ್ತಕ ಕನ್ನಡ ಪಠ್ಯವನ್ನು ಕ್ಷಣಮಾತ್ರದಲ್ಲಿ ತಮಿಳು ಲಿಪಿಗೆ ತರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ಉಳಿದ ವರ್ಗಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಹಾಗಾಗಿ 'ಗಾಳಿ'ಯೂ 'ಕಾಳಿ'ಯೂ ಬರಹದಲ್ಲಿ ಒಂದಾಗುತ್ತವೆ. ಪರಿವರ್ತಕವು ವ್ಯತ್ಯಾಸ ತೋರಲು ಅಕ್ಷರದ ಮೇಲೆ ಸಣ್ಣ ಅಂಕಿಗಳನ್ನು ಹಾಕಬಲ್ಲದು. ಸ್ತೋತ್ರಪುಸ್ತಕಗಳನ್ನು ಓದಿ ರೂಢಿಯಿರುವ ತಮಿಳರು ಆ ಅಂಕಿಗಳನ್ನು ಬಲ್ಲರು. ಆದರೆ ಮನೆಮಾತಿನ ಬರಹಕ್ಕೆ ಅಂಕಿಗಳು ಅಡ್ಡಿಯೆಂದೇ ನನ್ನೆಣಿಕೆ. 'ಕಾಳಿ ಬೀಸಿತು' ಎಂದು ಕಂಡರೂ ಮನೆಯಲ್ಲಿ ಕನ್ನಡವಾಡುವವಳ ಬಾಯಲ್ಲಿ ಅದು 'ಗಾಳಿ' ಎಂದೇ ಬರುತ್ತದೆ; ಭಾಷೆ ಅವಳಲ್ಲಿದೆ, ಅಕ್ಷರ ಸನ್ನೆ ಮಾಡಿದರೆ ಸಾಕು. ಕನ್ನಡವನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬೇಕೆಂಬ ಶಾಸ್ತ್ರಿಗಳು ಇದನ್ನು ಒಪ್ಪಲಿಕ್ಕಿಲ್ಲ. ಮರಾಠಿ ಶತಮಾನಗಳ ಕಾಲ ಆಡಳಿತದ ಕಾಗದಗಳಲ್ಲಿ ಮೋಡಿ ಲಿಪಿಯಲ್ಲಿಯೂ ಗ್ರಂಥಗಳಲ್ಲಿ ದೇವನಾಗರಿಯಲ್ಲಿಯೂ ಬಾಳಿತು. ಲಿಪಿ ಎರಡಾದದ್ದರಿಂದ ಭಾಷೆ ಕೆಡಲಿಲ್ಲ. ಮೂಲಪಾಠ ಕನ್ನಡ ಲಿಪಿಯಲ್ಲಿರಲಿ, ಕೆಳಗೆ ತಮಿಳು ಲಿಪಿಯ ಪಾಠವಿರಲಿ. ಎರಡನ್ನೂ ನೋಡುತ್ತ ಒಬ್ಬರಾದರೂ ಕನ್ನಡ ಅಕ್ಷರ ಕಲಿತರೆ ನಮ್ಮ ವಿಭಾಗದ ಒಂದು ತರಗತಿಯ ಕೆಲಸ ನಡೆದಂತೆ.

ಬರೆಯುವ ಕ್ರಮದ ವಿಷಯ. ಕನ್ನಡಕ್ಕೆ ಅಂತರ್ಜಾಲದಲ್ಲಿ ಒಳ್ಳೆಯ ಪರಂಪರೆಯೇ ಇದೆ: ಯು. ಬಿ. ಪವನಜ ಅವರ 'ವಿಶ್ವಕನ್ನಡ' 1996ರದು. 'ಸಂಪದ' 2005ರಲ್ಲಿ, ಜಿ. ಎನ್. ಮೋಹನ್ ಅವರ 'ಅವಧಿ' 2007ರಲ್ಲಿ, 'ಹೊನಲು' 2013ರಲ್ಲಿ ಆರಂಭವಾದವು. ಇವುಗಳ ಹಿಂದೆ ಸಂಪಾದಕರೂ ಬಳಗವೂ ಉಂಟು. ಒಬ್ಬನೇ ಲೇಖಕ ತನ್ನ ತಾಣದಿಂದ ಏನು ಮಾಡಬಲ್ಲ ಎಂಬುದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ ತಮಿಳಿನದು. ಕಾದಂಬರಿಕಾರ ಜೆಯಮೋಹನ್ ಅವರು ಮಹಾಭಾರತವನ್ನು 'ವೆಣ್ಮುರಸು' ಎಂಬ ಹೆಸರಿನಲ್ಲಿ 2014ರ ಜನವರಿಯಿಂದ 2020ರ ಜುಲೈವರೆಗೆ ದಿನಕ್ಕೊಂದು ಅಧ್ಯಾಯದಂತೆ ತಮ್ಮ ಜಾಲತಾಣದಲ್ಲಿ ಬರೆದರು. ಅದು 26 ಕಾದಂಬರಿಗಳಾಯಿತು. ಆ ತಾಣದ ಓದುಗರಿಂದಲೇ ಹುಟ್ಟಿದ ವಿಷ್ಣುಪುರಂ ಸಾಹಿತ್ಯ ಬಳಗ 2010ರಿಂದ ಪ್ರತಿವರ್ಷ ಇದೇ ಕೊಯಮತ್ತೂರಿನಲ್ಲಿ ಪ್ರಶಸ್ತಿ ನೀಡುತ್ತ ಬಂದಿದೆ. ಓದುಗರು ಬರೆದ ಪತ್ರಗಳನ್ನು ಅವರು ತಮ್ಮ ಉತ್ತರದೊಡನೆ ಪ್ರಕಟಿಸುತ್ತಾರೆ. ನಾನು ಗಮನಿಸಿದ ಗುಟ್ಟು ಇದೇ. ಪತ್ರ ಬರೆದವನಿಗೆ ತನ್ನ ಮಾತಿಗೆ ಬೆಲೆಯಿದೆಯೆಂದು ತಿಳಿದರೆ ಅವನು ಓದುಗನಾಗಿ ಉಳಿಯುವುದಿಲ್ಲ, ಬಳಗದವನಾಗುತ್ತಾನೆ.

ದಿನಕ್ಕೊಂದು ಅಧ್ಯಾಯ ನಿಮ್ಮಿಂದಾಗದು, ನನ್ನಿಂದಲೂ ಆಗದು. ಆದರೆ ತಿಂಗಳಿಗೊಂದು ದಿನವನ್ನು ಗೊತ್ತುಮಾಡಿಕೊಂಡು ಅಂದು ತಪ್ಪದೆ ಪ್ರಕಟಿಸಬಹುದು. ಮಹಾರಾಷ್ಟ್ರದಲ್ಲಿ 1909ರಲ್ಲಿ 'ಮನೋರಂಜನ' ಪತ್ರಿಕೆ ದೀಪಾವಳಿ ವಿಶೇಷಾಂಕವನ್ನು ತಂದಿತು. ಇಂದು ದೀಪಾವಳಿಯೆಂದರೆ ಮರಾಠಿ ಮನೆಗಳಲ್ಲಿ ಚಕ್ಕುಲಿ ಕರಂಜಿಗಳ ಪಕ್ಕದಲ್ಲಿ ಒಂದು ಅಂಕವೂ ಇರಬೇಕು. ಅಂತರ್ಜಾಲದಲ್ಲಿಯೂ ಈಗ ದೀಪಾವಳಿ ಅಂಕಗಳು ಬರುತ್ತವೆ. ನೂರು ವರ್ಷ ಮೀರಿದ ಈ ರೂಢಿಯಲ್ಲಿ ಓದುಗ ಕಾಯುವುದನ್ನು ಕಲಿತಿದ್ದಾನೆ. ಮೊದಲ ವಾರದಲ್ಲಿ ಏಳು ಬರಹ, ಬಳಿಕ ಏಳು ತಿಂಗಳ ಮೌನ: ನಮ್ಮ ವಿದ್ಯಾರ್ಥಿಗಳ ಬ್ಲಾಗುಗಳ ಸಾಮಾನ್ಯ ಜಾತಕ ಇದು.

ಇನ್ನು ಸಾಮಾಜಿಕ ಜಾಲತಾಣಗಳು. ಬ್ಲಾಗ್ ಮನೆಯಾದರೆ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳು ಸಂತೆಬೀದಿ. ಸಂತೆಗೆ ಹೋಗಬೇಕು, ಪರಿಚಯ ಮಾಡಿಕೊಳ್ಳಬೇಕು, ಮನೆಗೆ ಕರೆಯಬೇಕು. ಸಂತೆಯಲ್ಲಿಯೇ ಸಂಸಾರ ಹೂಡಬಾರದು. ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಸಾರ್ವಜನಿಕರ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಟಿಕ್‌ಟಾಕ್ 2020ರ ಜೂನ್‌ನಲ್ಲಿ ನಮ್ಮ ದೇಶದಲ್ಲಿ ನಿಷೇಧಕ್ಕೊಳಗಾಯಿತು. ಅಲ್ಲಿ ಮಾತ್ರ ಇಟ್ಟಿದ್ದ ಕನ್ನಡದ ಹಾಡು, ಹರಟೆ, ಚರ್ಚೆಗಳನ್ನು ಈಗ ಎಲ್ಲಿ ಹುಡುಕುವುದು?

ಸಂತೆಯಲ್ಲಿ ನಡೆದುಕೊಳ್ಳುವ ಬಗೆ ಒಂದೊಂದು ಕಡೆ ಒಂದೊಂದು. ಫೇಸ್‌ಬುಕ್ ನಿಮ್ಮ ಬರಹವನ್ನು ನಿಮ್ಮ ಎಲ್ಲ ಮಿತ್ರರಿಗೂ ತೋರಿಸುವುದಿಲ್ಲ. ತಾನೇ ಆಯ್ದು ತೋರಿಸುತ್ತದೆ. 'ನನ್ನ ಹೊಸ ಬರಹ, ಓದಿ' ಎಂಬ ಒಕ್ಕಣೆಗಿಂತ, ಬರಹದ ಒಂದೇ ಒಂದು ಪದವನ್ನೆತ್ತಿ 'ನಿಮ್ಮ ಮನೆಯಲ್ಲಿ ಲಾಳಿಗೆ ಏನೆನ್ನುತ್ತಾರೆ?' ಎಂದು ಕೇಳಿ, ಕೊಂಡಿಯನ್ನು ಕೊಡಿ. ಉತ್ತರಗಳು ಬರುತ್ತವೆ, ಅವೇ ನಿಮ್ಮ ಮುಂದಿನ ಬರಹದ ಸಾಮಗ್ರಿ. ಇನ್‌ಸ್ಟಾಗ್ರಾಂನ ಚಿತ್ರದ ಕೆಳಗಿನ ಒಕ್ಕಣೆಯಲ್ಲಿ ಕೊಂಡಿ ಒತ್ತಿದರೆ ತೆರೆಯದು. ಅದನ್ನು ನಿಮ್ಮ ಪರಿಚಯದ ಸಾಲಿನಲ್ಲಿಡಿ. ಯೂಟ್ಯೂಬಿನಲ್ಲಿ ವಿವರಣೆಯ ಮೊದಲ ಸಾಲಿನಲ್ಲಿಯೇ ಕೊಂಡಿಯಿರಲಿ. ಕೆಳಗಿಳಿದು ನೋಡುವವರು ವಿರಳ.

ನಮ್ಮ ಜಿಲ್ಲೆಗಳ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ವಾಟ್ಸ್‌ಆ್ಯಪ್. ಕುಲಬಾಂಧವರ, ದೇವಸ್ಥಾನದ, ಹಳೆಯ ವಿದ್ಯಾರ್ಥಿಗಳ ಗುಂಪುಗಳು ಅಲ್ಲಿ ಆಗಲೇ ಇವೆ. ಆದರೆ ಎಲ್ಲ ಗುಂಪುಗಳಿಗೂ ಒಂದೇ ಸಂದೇಶವನ್ನು ಎಸೆಯುವುದು ಶುಭೋದಯದ ಹೂಚಿತ್ರಗಳ ಸಾಲಿಗೆ ನಮ್ಮ ಬರಹವನ್ನೂ ಸೇರಿಸಿದಂತೆ. ಆಸಕ್ತರಾದ ಇಪ್ಪತ್ತು ಮಂದಿಯನ್ನು ಕೇಳಿ, ಒಪ್ಪಿದವರಿಗೆ ಮಾತ್ರ ಪ್ರಸಾರಪಟ್ಟಿಯ ಮೂಲಕ ಕಳುಹಿಸಿ. ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ ಎಂಬುದನ್ನು ಮೊದಲೇ ತಿಳಿಸಿರಿ. ಕೊಂಡಿಯೊಡನೆ ಧ್ವನಿಯ ತುಣುಕನ್ನೂ ಕಳುಹಿಸಿದರೆ ಲಿಪಿ ಬಾರದ ಹಿರಿಯರು ಅದನ್ನು ಕೇಳಿಸಿಕೊಂಡು ತಮ್ಮ ಧ್ವನಿಯಲ್ಲಿಯೇ ಮಾರುತ್ತರ ಕೊಡುತ್ತಾರೆ. 'ಹಾಗಲ್ಲ ಕಣೋ, ನಮ್ಮ ಕಾಲದಲ್ಲಿ ಬೇರೆ ಹೆಸರಿತ್ತು' ಎಂದು ಎಂಬತ್ತು ದಾಟಿದ ಅಜ್ಜನೊಬ್ಬ ತಿದ್ದಿದರೆ, ನೂರು ಹೆಬ್ಬೆಟ್ಟಿನ ಮೆಚ್ಚುಗೆಗಳನ್ನು ಅದರೆದುರು ತೂಗಲಾಗದು. ಆ ತಿದ್ದುಪಡಿಯನ್ನು ದಿನಾಂಕದೊಡನೆ ಬ್ಲಾಗಿನಲ್ಲಿ ಸೇರಿಸಿ.

ಆದರೆ ಆ ಅಜ್ಜನ ಧ್ವನಿಯನ್ನು ಲೋಕಕ್ಕೆ ಕೇಳಿಸುವ ಮುನ್ನ ಅವರನ್ನು ಕೇಳಬೇಕು. ಮೊಮ್ಮಗನ ಫೋನಿಗೆ ಹೇಳಿದ ಮಾತು ಊರೆಲ್ಲ ಕೇಳುವುದೆಂದು ಹಿರಿಯರಿಗೆ ತಿಳಿದಿರುವುದಿಲ್ಲ. ಮುದ್ರಿಸಿದ್ದನ್ನು ಅವರಿಗೆ ಕೇಳಿಸಿ, ಎಲ್ಲಿ ಯಾರು ಕೇಳಬಹುದೆಂದು ತಿಳಿಯಹೇಳಿ, ಒಪ್ಪಿದರೆ ಹಾಕಿ. ಸಾಲ, ಮದುವೆ ಮುರಿದದ್ದು, ದಾಯಾದಿ ವ್ಯಾಜ್ಯ ಇಂಥವು ಮಾತಿನ ನಡುವೆ ಬಂದೇ ಬರುತ್ತವೆ, ಅವನ್ನು ಕತ್ತರಿಸಿ. ಮಗ್ಗದ ಮುಂದೆ ಕುಳಿತ ಹೆಣ್ಣುಮಕ್ಕಳ ಚಿತ್ರಕ್ಕೂ ಇದೇ ನಿಯಮ. ಒಂದು ಕುಲದ ಮಾತನ್ನು ಬರೆಯುವಾಗ ಇನ್ನೊಂದು ಕುಲದ ಮಾತನ್ನು ಹೀನವೆನ್ನುವ ಹಾಸ್ಯ ನುಸುಳದಂತೆ ಎಚ್ಚರವಿರಲಿ. ಅದು ಬೇಗ ಹರಡುತ್ತದೆ, ಬಳಿಕ ಯಾವ ಮನೆಯ ಬಾಗಿಲೂ ನಿಮಗೆ ತೆರೆಯದು.

ಎಷ್ಟು ಮಂದಿ ನೋಡಿದರು ಎಂಬ ಅಂಕಿಯನ್ನು ಬ್ಲಾಗರ್ ಆಗಲಿ ವರ್ಡ್‌ಪ್ರೆಸ್ ಆಗಲಿ ತೋರಿಸುತ್ತದೆ. ದಿನವೂ ನೋಡಬೇಡಿ. ತಿಂಗಳಿಗೊಮ್ಮೆ, ಯಾವ ಪದವನ್ನು ಹುಡುಕುತ್ತ ಓದುಗರು ಬಂದರು ಎಂಬುದನ್ನು ಮಾತ್ರ ನೋಡಿ. ಗೂಗಲ್ಲಿನ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯ ಅದನ್ನು ತಿಳಿಸುತ್ತದೆ.

ಕೊನೆಯದಾಗಿ ಪ್ರತಿಯ ವಿಷಯ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿಯೂ ವರ್ಡ್‌ಪ್ರೆಸ್‌ನ ಟೂಲ್ಸ್‌ನಲ್ಲಿಯೂ ಎಲ್ಲ ಬರಹಗಳನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವ ವ್ಯವಸ್ಥೆಯಿದೆ. ಆ ಕಡತದಲ್ಲಿ ಬರಹ ಇರುತ್ತದೆ. ಚಿತ್ರವನ್ನೂ ಧ್ವನಿಯನ್ನೂ ಬೇರೆಯಾಗಿ ಉಳಿಸಿಕೊಳ್ಳಬೇಕು. ಪ್ರತಿ ಸೆಮಿಸ್ಟರಿನ ಕೊನೆಗೆ ಹೀಗೆ ಇಳಿಸಿ, ಹೇಳಿದವರ ಊರು, ದಿನಾಂಕ, ಒಪ್ಪಿಗೆಯ ಟಿಪ್ಪಣಿ ಇವುಗಳೊಡನೆ ಒಂದು ಪೆನ್‌ಡ್ರೈವ್‌ನಲ್ಲಿ ನೀವಿಟ್ಟುಕೊಳ್ಳಿ, ಇನ್ನೊಂದು ಪ್ರತಿಯನ್ನು ವಿಭಾಗದ ಗಣಕದಲ್ಲಿಡಲು ತಂದುಕೊಡಿ.